ಹೆಬ್ಬಾಳದಿಂದ ನಡೆದು ಬಂದ ಹೆಣ್ಣು ಪಾರಿವಾಳ

ಬೆಂಗಳೂರು, ಕಾಟನ್‌ಪೇಟೆ
ಕ್ರಿ.ಶ. 2291, ಹದಿಮೂರನೆಯ ತಿಂಗಳು, ಬುಧವಾರ

ನನ್ನ ಮುತ್ತಜ್ಜನ ಮುತ್ತಜ್ಜನಿಗೂ ಹಿರಿಯರಾದ ಪಾಪಣ್ಣ ತಾತನವರಿಗೆ ಪಿಳ್ಳಮ್ಮ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಯಿತೆಂದು ಸರ್ಕಾರವೇ ಸೇರಿಸಿತು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹಳೆಯ ಮಾತನ್ನು ನಿಮ್ಮ ಪಾರಿವಾಳದ ನೋಟ್‌ಬುಕ್ ಓದಿಯೇ ಕಲಿತವಳು ನಾನು. ಅದರಲ್ಲಿ ಬೈಗುಳವೇ ಜಾಸ್ತಿ.

ಈಗ ಪಂದ್ಯದ ಮರಿಯನ್ನು ಕಣ್ಣು ನೋಡಿ, ರೆಕ್ಕೆ ಬಿಡಿಸಿ ಆರಿಸುವವರಿಲ್ಲ. ಒಂದು ಗರಿ ಕಿತ್ತು ಕಳಿಸಿದರೆ ಸಂಜೆಯೊಳಗೆ ಆ ಹಕ್ಕಿಯ ಜೀನ್‌ಗಳ ಪಟ್ಟಿ, ‘ಗರಿಜಾತಕ’, ಬರುತ್ತದೆ. ತಾಯಿ ತಂದೆ ಇಬ್ಬರಿಂದಲೂ ವೇಗದ ಜೀನ್ ಬಂದಿದ್ದರೆ ಆ ಹಕ್ಕಿಗೆ ಜೋಡಿ ಸಿಗುತ್ತದೆ. ಒಬ್ಬರಿಂದಷ್ಟೇ ಬಂದಿದ್ದರೆ ಗೂಡಿನಿಂದ ಹೊರಗೆ. ಹೀಗೆ ಆರಿಸುತ್ತ ಆರಿಸುತ್ತ ನಾಡಿನ ಪಂದ್ಯದ ಪಾರಿವಾಳಗಳೆಲ್ಲ ನಿಮ್ಮ ಗೆಲ್ಲುವ ಗಂಡು ‘ಬಾಣ’ನ ಸಂತಾನವಾದವು. ಬಳ್ಳಾರಿಯಲ್ಲಿ ಬಿಟ್ಟರೆ ಎರಡು ಗಂಟೆಯಲ್ಲಿ ಮನೆ. ಎಲ್ಲವೂ ಒಟ್ಟಿಗೇ ಬಂದಿಳಿಯುತ್ತಿದ್ದವು, ಗೆದ್ದದ್ದು ಯಾವುದೆಂದು ಜಗಳವಾಡುವ ಸುಖವೂ ಹೋಯಿತು. ಆಮೇಲೆ ಮೊಟ್ಟೆಯಿಂದ ಮರಿ ಬರುವುದೇ ನಿಂತಿತು. ಅಣ್ಣ ತಂಗಿಯನ್ನೇ ಜೋಡಿ ಮಾಡುತ್ತ ಬಂದರೆ ಇನ್ನೇನಾಗುತ್ತದೆ? ವೇಗದ ಜೊತೆಗೆ ಕಣ್ಣಿಗೆ ಕಾಣದ ಕೇಡುಗಳೂ ಎರಡೆರಡಾಗಿ ಕೂಡಿಕೊಂಡಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಉಳಿದಿರುವುದು ನನ್ನ ತಾರಸಿಯ ಮೇಲಿನ ಒಂದೇ ಜೋಡಿ.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಮೇಲೆ ಬುಧವಾರ ಎಂದು ಹಾಕಿ, ಹೀಗೆ ಗೀಚಿದ್ದೀರಿ: “ನೀಲಿ ಹೆಣ್ಣು. ಪಂದ್ಯಕ್ಕೆ ಬಿಟ್ಟು ಆರು ದಿನ ಆದ್ಮೇಲೆ ಬಂತು, ಅದೂ ನಡ್ಕೊಂಡು! ಗಿಡುಗ ರೆಕ್ಕೆ ಕಿತ್ತಾಕೈತೆ. ಹೆಬ್ಬಾಳದ ಸೇತುವೆ ಮ್ಯಾಲೆ ಯಜಮಾನಿ ಥರ ಬರ್ತಿತ್ತಂತೆ, ಬಸ್ಸೋರು ನಿಲ್ಸಿ ದಾರಿ ಬಿಟ್ರಂತೆ. ಇದನ್ನ ಇಟ್ಕೊಂಡು ಏನ್ ಪೂಜೆ ಮಾಡ್ಲಾ? ಶುಕ್ರವಾರ ಕುಯ್ದು ಸಾರು ಮಾಡೋದೇ.”

ತಾತ, ಕುಯ್ಯಬೇಡಿ. ಗರಿಜಾತಕದಲ್ಲಿ ಅವಳು ಪಾಸಾಗುತ್ತಿರಲಿಲ್ಲ, ನಿಜ. ವೇಗದ ಜೀನ್ ನಮಗೆ ಬೇಗನೆ ಸಿಕ್ಕಿತು. ರೆಕ್ಕೆ ಹೋದ ಮೇಲೂ ಮನೆಯ ದಿಕ್ಕು ಬಿಡದ ಆ ಹಟ ರಕ್ತದಲ್ಲಿ ಎಲ್ಲಿರುತ್ತದೆಂದು ಹುಡುಕಲು ಹೊರಟಾಗ, ನೋಡುವುದಕ್ಕೆ ಅಂಥ ಒಂದು ಹಕ್ಕಿಯೂ ಉಳಿದಿರಲಿಲ್ಲ. ಎಲ್ಲರೂ ಸಾರು ಮಾಡಿದ್ದರು. ಅವಳನ್ನು ಬಾಣನ ಮಗನ ಜೊತೆ ಗೂಡಿಗೆ ಬಿಡಿ. ಮರಿಗಳು ನಿಧಾನವಾಗಿ ಹಾರುತ್ತವೆ, ನಾಲ್ಕಾರು ಕಪ್ ಕೈತಪ್ಪುತ್ತವೆ, ಬೀದಿಯವರು ಆಡಿಕೊಳ್ಳುತ್ತಾರೆ. ನಗುವವರ ಮುಂದೆ ಎಡವಿ ಬೀಳುವುದು ನಿಮಗೆ ಆಗದೆಂದು ಗೊತ್ತು. ನನಗೋಸ್ಕರ ಒಂದು ಸಲ ಬೀಳಿ.

ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಈ ಕಾಗದವನ್ನು ನಿಮ್ಮ ಆ ಪುಟದೊಳಗೇ ಮಡಿಸಿ ಇಡುತ್ತೇನೆ.

ನನ್ನ ಜೋಡಿಯ ಹೆಣ್ಣಿಗೆ ವಯಸ್ಸಾಯಿತು. ಇದು ಅವಳ ಕೊನೆಯ ಮೊಟ್ಟೆ. ಕಾವಿಗೆ ಕೂತು ಇಂದಿಗೆ ಆರು ದಿನ. ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದೆ, ಒಳಗೆ ಜೀವ ಹಿಡಿದ ಗುರುತಿನ ಕೆಂಪು ಎಳೆ ಒಂದೂ ಇಲ್ಲ. ಎಸೆಯಲು ಮನಸ್ಸಾಗದೆ ಮತ್ತೆ ಅವಳ ಕೆಳಗೇ ಇಟ್ಟು ಬಂದಿದ್ದೇನೆ. ನಾಳೆಯೂ ನೋಡುತ್ತೇನೆ, ನಾಡಿದ್ದೂ ನೋಡುತ್ತೇನೆ. ಶುಕ್ರವಾರಕ್ಕೆ ನಿಮಗಿನ್ನೂ ಎರಡು ದಿನ ಇದೆಯಲ್ಲ.

ಪಿಳ್ಳಮ್ಮ