ಐದನೆಯ ಕಲ್ಲು

ಶಾಮ್ ನಾಡಿನ ಬಯಲು, ಸೇನೆಯ ಬಿಡಾರ
ಜುಮಾದಾ ತಿಂಗಳ ಹದಿನಾಲ್ಕನೆಯ ದಿನ

ನನ್ನ ಮಗಳು ಜುಮಾನಾಳಿಗೆ,

ಅಲ್ಲಾಹನ ಶಾಂತಿ ನಿನ್ನ ಮೇಲಿರಲಿ. ನೀನು ಮುಚ್ಚಲು ಮರೆತು ದಿನವೂ ಮೇಕೆ ನುಗ್ಗುವ ಆ ನಮ್ಮ ಮನೆಯ ಬಾಗಿಲ ಮೇಲೂ ಇರಲಿ. ನಾನು ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದುತ್ತೀಯೆ. ಅಕ್ಷರ ಸೊಟ್ಟಗಿದ್ದರೆ ನನ್ನನ್ನು ಬೈಯಬೇಡ, ಕಲಿಸಿದವಳು ನೀನೇ. ಬೇರೆಯವರ ಕೈಯಲ್ಲಿ ಬರೆಸಬಹುದಿತ್ತು, ಆದರೆ ಇದು ಬೇರೆಯವರ ಕಿವಿಗೆ ಬೀಳುವಂಥ ವಿಷಯವಲ್ಲ.

ನಿನ್ನ ಪತ್ರ ಒಂಟೆಯವರ ಜೊತೆ ಬಂದು ಹತ್ತು ದಿನವಾಯಿತು. ಮುದ್ಲಿಜನ ಮಗ ಸಿನಾನ್ ನಿನ್ನನ್ನು ಮದುವೆಗೆ ಕೇಳಿದ್ದಾನೆ. ‘ನಿನ್ನ ತಂದೆಯನ್ನು ಕೊಂದವನು ನನ್ನ ತಂದೆ, ನಿನ್ನ ತಾಯಿ ಬೇಡವೆಂದರೆ ಈ ಬಾಗಿಲಿಗೆ ಮತ್ತೆ ಬರುವುದಿಲ್ಲ’ ಎಂದು ಅವನೇ ಹೇಳಿದನೆಂದೂ ಬರೆದಿದ್ದೀಯೆ. ಅಪ್ಪ ಜ್ವರದಲ್ಲಿ ಹೋದ ಎಂದು ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳೇ ಎಂದು ಕೇಳಿದ್ದೀಯೆ. ಮದುವೆಗೆ ಒಪ್ಪಿಗೆಯೇ ಎಂದೂ ಕೇಳಿದ್ದೀಯೆ. ಎರಡನೆಯದಕ್ಕೆ ಅವತ್ತೇ ಉತ್ತರ ಬರೆದಿಟ್ಟಿದ್ದೆ. ಬೇಡ ಅಂತ ಒಂದೇ ಪದ. ಮದೀನಾದ ಕಡೆ ಹೋಗುವವರು ಯಾರೂ ಸಿಗಲಿಲ್ಲ, ಅದಕ್ಕೇ ಅದು ನಿನ್ನ ಕೈ ಸೇರಲಿಲ್ಲ.

ಮೊದಲನೆಯದಕ್ಕೆ ಈಗ ಹೇಳುತ್ತೇನೆ. ಹೌದು, ಸುಳ್ಳು.

ನಾನೂ ನಿನ್ನ ಅಪ್ಪ ಯಸಾರನೂ ಮಕ್ಕಾದಲ್ಲಿ ಮುದ್ಲಿಜನ ಗುಲಾಮರಾಗಿದ್ದೆವು. ಅವನದು ತೊಗಲು ಹದಮಾಡುವ ಕಸುಬು. ಜಾಲಿಕಾಯಿಯ ರಸದಲ್ಲಿ ನೆನೆದ ತೊಗಲಿನ ನೀರು ಬಸಿಯಲೆಂದು ಮೇಲೆ ಹೇರುವ ಚಪ್ಪಟೆ ಕಲ್ಲುಗಳು ಅಂಗಳದಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದನ್ನು ಎತ್ತಲು ಎರಡು ಕೈಯೂ ಬೇಕು. ನಾವು ಒಬ್ಬನೇ ದೇವರನ್ನು ನಂಬಿದ್ದೇವೆಂದು ಗೊತ್ತಾದಾಗ ಅವನು ಮೊದಲು ನಕ್ಕ. ನಿನ್ನ ಗುಲಾಮರೇ ನಿನ್ನ ಮಾತು ಕೇಳುವುದಿಲ್ಲವಲ್ಲ ಎಂದು ನೆರೆಯ ಯಜಮಾನರು ಚುಚ್ಚಿದ ಮೇಲೆ ನಗು ನಿಂತಿತು.

ಎರಡು ದಿನ ಬಾರುಕೋಲಿನ ಹೊಡೆತ. ಯಸಾರನ ಬೆನ್ನಿನ ಮೇಲೆ ಅಂಗೈ ಇಡುವಷ್ಟೂ ಚರ್ಮ ಉಳಿಯಲಿಲ್ಲ. ನನ್ನ ಮುಂದಿನ ಎರಡು ಹಲ್ಲು ಹೋದದ್ದು ಆಗಲೇ. ಬಾವಿಕಟ್ಟೆಯಲ್ಲಿ ಜಾರಿಬಿದ್ದೆ ಎಂದು ನಿನಗೆ ಹೇಳಿದ್ದೂ ಸುಳ್ಳು, ಮಗಳೇ. ಮೂರನೆಯ ದಿನ ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ತೊಗಲು ಎಳೆದುಕಟ್ಟುವ ಗೂಟಗಳಿಗೆ ಯಸಾರನ ಕೈಕಾಲು ಬಿಗಿದು, ಸುಡುವ ಮರಳಿನ ಮೇಲೆ ಅಂಗಾತ ಮಲಗಿಸಿದರು. ಎದೆಯ ಮೇಲೆ ಒಂದು ಕಲ್ಲು. ಲಾತ್, ಉಝ್ಝಾ ದೇವತೆಗಳೇ ನನ್ನ ದೇವರು ಎಂದು ಹೇಳು, ತೆಗೆಯುತ್ತೇನೆ ಎಂದ ಮುದ್ಲಿಜ್. ಹೇಳಲಿಲ್ಲ. ಎರಡನೆಯ ಕಲ್ಲು.

ನಾನು ಹೇಳಿಬಿಟ್ಟೆ. ಎರಡನೆಯ ಕಲ್ಲಿಗೇ ಓಡಿಹೋಗಿ ಯಜಮಾನನ ಕಾಲು ಹಿಡಿದು, ಅವನು ಕೇಳಿದ ಹೆಸರುಗಳನ್ನೆಲ್ಲ ಹೊಗಳಿದೆ. ನೀನು ಹೊಟ್ಟೆಯಲ್ಲಿ ಏಳು ತಿಂಗಳು. ಬಲವಂತಕ್ಕೆ ಬಾಯಿ ಆಡಿದ್ದು ಪಾಪವಲ್ಲವೆಂದು ನಮಗೆ ಆಮೇಲೆ ತಿಳಿಯಿತು, ಅವತ್ತು ತಿಳಿದಿರಲಿಲ್ಲ. ನೀನೂ ಹೇಳೆಂದು ಯಸಾರನನ್ನು ಅಂಗಲಾಚಿದೆ. ನಿನ್ನ ಅಪ್ಪನ ನಾಲಿಗೆ ನಿನಗೆ ಗೊತ್ತಿಲ್ಲ. ಸಾಯುವಾಗಲೂ ಕುಚೋದ್ಯ ಬಿಟ್ಟವನಲ್ಲ. ಮೂರನೆಯ ಕಲ್ಲಿನಡಿ ಉಸಿರು ಹೆಕ್ಕಿಕೊಂಡು ಅವನು ಅಂದ ಮಾತು ಇದು:

“ನಿನ್ನ ದೇವ್ರೂ ಕಲ್ಲೇ ಅಲ್ವಾ ಯಜಮಾನ. ಅದನ್ನೂ ತಂದು ಇಟ್ಬಿಡು.”

ನೋಡುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಆ ನಗುವೇ ಅವನನ್ನು ಕೊಂದಿತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನಾಲ್ಕನೆಯ ಕಲ್ಲಿಗೆ ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ನೀರು ಕೇಳಿದ. ಮುದ್ಲಿಜ್ ಬೊಗಸೆ ನೀರನ್ನು ಅವನ ಮುಖದ ಪಕ್ಕದಲ್ಲಿ, ಕಾಣುವಂತೆ, ಮರಳಿಗೆ ಚೆಲ್ಲಿದ. ಐದನೆಯ ಕಲ್ಲು ಬಂತು. ಬಾಯಿಂದಲೂ ಮೂಗಿನಿಂದಲೂ ರಕ್ತ ಬಂತು. ಆಮೇಲೆ ಏನೂ ಇಲ್ಲ.

ನಮ್ಮವರೊಬ್ಬರು ನನ್ನನ್ನು ಕೊಂಡು ಬಿಡುಗಡೆ ಮಾಡಿದರು. ನೀನು ಹುಟ್ಟಿದೆ. ಮದೀನಾಕ್ಕೆ ಬಂದೆವು. ಅದೆಲ್ಲ ನಿನಗೆ ಗೊತ್ತಿರುವುದೇ.

ಮಕ್ಕಾ ನಮ್ಮದಾದ ವರ್ಷ ಮುದ್ಲಿಜನೂ ಇಸ್ಲಾಮಿಗೆ ಬಂದ, ಮಗನನ್ನು ಕಟ್ಟಿಕೊಂಡು ಮದೀನಾಕ್ಕೇ ಬಂದು ನೆಲೆಸಿದ. ನಮಾಜಿನ ಸಾಲಿನಲ್ಲಿ ಅವನ ಬೆನ್ನು ಕಂಡಾಗಲೆಲ್ಲ ಆ ಬೆನ್ನಿನಲ್ಲಿ ಕತ್ತಿ ಎಲ್ಲಿ ಸಲೀಸಾಗಿ ಇಳಿಯುತ್ತದೆಂದು ಲೆಕ್ಕ ಹಾಕುತ್ತಿದ್ದೆ. ದೇವರ ಮುಂದೆ ನಿಂತು, ಹೌದು. ಹಿಂದಿನದನ್ನು ಇಸ್ಲಾಂ ತೊಳೆದುಬಿಡುತ್ತದೆ ಎಂದು ಹಿರಿಯರು ಬುದ್ಧಿ ಹೇಳಿದರು. ತೊಳೆದಿರಬಹುದು, ಆ ಅಂಗಳವನ್ನು ತೊಳೆದವಳು ನಾನು ಎಂದೆ.

ನಮ್ಮ ಬಾಗಿಲಲ್ಲಿ ಆಗಾಗ ನೀರು ತುಂಬುವ ಹೊಸ ತೊಗಲಿನ ಚೀಲ ಇರುತ್ತಿತ್ತಲ್ಲ, ಇಟ್ಟುಹೋಗುತ್ತಿದ್ದವನು ಅವನೇ. ಅವನ ಅಂಗಳದ ಆ ಜೋಡಿ ಹೊಲಿಗೆ ನನಗೆ ಗೊತ್ತಿರದೆ ಹೋದೀತೇ? ಮೂರು ಚೀಲವನ್ನು ಚಾಕುವಿನಿಂದ ಸೀಳಿ ಅವನ ಮನೆಯೆದುರು ಎಸೆದು ಬಂದೆ. ಇಲಿ ಕಡಿಯಿತು ಎಂದು ನಿನಗೆ ಹೇಳಿದ್ದು ನೆನಪಿರಬೇಕು. ಅವನು ನಾಲ್ಕನೆಯದನ್ನು ತಂದಿಟ್ಟ. ಶಾಮಿಗೆ ಹೊರಡುವಾಗ ನನಗೆ ಚೀಲ ಬೇಕಿತ್ತು, ಅದನ್ನೇ ತಂದೆ. ಅವಶ್ಯಕತೆಗೆ, ಪ್ರೀತಿಗಲ್ಲ.

ಮೂರು ದಿನದ ಹಿಂದೆ ರೋಮನರ ಜೊತೆ ಯುದ್ಧ ಆಯಿತು. ಬಿಸಿಲೇರುವ ಹೊತ್ತಿಗೆ ನಮ್ಮ ಬಲಗಡೆಯ ಸಾಲು ಮುರಿದು ಗಂಡಸರು ಗುಡಾರಗಳ ಕಡೆ ಓಡಿಬಂದರು. ನಾವು ಹೆಂಗಸರು ಗುಡಾರದ ಕೋಲು ಕಿತ್ತುಕೊಂಡು ಅಡ್ಡ ನಿಂತೆವು. ಹೆಂಡತಿ ಗಂಡನ ಮುಖಕ್ಕೆ ಬಾರಿಸಿದಳು, ಅಕ್ಕ ತಮ್ಮನ ಮೊಣಕಾಲಿಗೆ. ಎಲ್ಲಿಗಪ್ಪ ಓಡ್ತೀಯ, ಒಳಗೆ ಬಂದು ರೊಟ್ಟಿ ಸುಡ್ತೀಯಾ ಎಂದು ಕೇಳುತ್ತ ನಾನೂ ಹೊಡೆದೆ. ಆ ಗುಂಪಿನಲ್ಲಿ ಮುದ್ಲಿಜ್ ಇದ್ದ. ಗಡ್ಡ ಬೆಳ್ಳಗಾಗಿತ್ತು, ಬಿಲ್ಲು ಕೈಬಿಟ್ಟುಹೋಗಿತ್ತು. ನನ್ನನ್ನು ಕಂಡು ನಿಂತ. ಹೆಗಲಿಗೆ ಕೊಟ್ಟೆ. ತಿರುಗಿದ ಮೇಲೂ ಬೆನ್ನಿಗೆ ಎರಡು ಕೊಟ್ಟೆ, ಕೋಲು ಮುರಿಯಿತು. ಒಂದು ಓಡಿಬಂದದ್ದಕ್ಕೆ, ಉಳಿದವು ಯಸಾರನಿಗೆ. ಆ ಹೊಡೆತ ನನಗೆ ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವನು ಸತ್ತವನೊಬ್ಬನ ಈಟಿ ಎತ್ತಿಕೊಂಡು ಓಡಿಬಂದ ದಾರಿಯಲ್ಲೇ ವಾಪಸು ಹೋದ. ಅವನ ಹಿಂದೆ ಉಳಿದವರೂ ಹೋದರು.

ಗೆದ್ದೆವು. ಮಧ್ಯಾಹ್ನದ ಮೇಲೆ ಬಿದ್ದವರಿಗೆ ನೀರು ಕೊಡಲು ಹೋದೆ. ಕಾಲಿಟ್ಟಲ್ಲಿ ಕೈ, ಕರುಳು, ಒದ್ದಾಡುವ ಕುದುರೆ. ಮುದ್ಲಿಜನ ಹೊಟ್ಟೆ ಸೀಳಿತ್ತು, ಎರಡೂ ಕೈಯಲ್ಲಿ ಅದನ್ನು ಅದುಮಿಕೊಂಡು ಮಲಗಿದ್ದ. ಚೀಲ ನೋಡಿ ಗುರುತು ಹಿಡಿದ. ಆದರೆ ಗಲ್ಲ ಎತ್ತಿ ಪಕ್ಕಕ್ಕೆ ತೋರಿಸಿದ. ಅಲ್ಲಿ ಯೆಮೆನ್ ನಾಡಿನವನೊಬ್ಬ ಅಮ್ಮಾ ಎಂದು ನರಳುತ್ತಿದ್ದ. ಅವನಿಗೆ ಮೊದಲು ಕುಡಿಸಿದೆ. ಬೇಕೆಂದೇ ನಿಧಾನವಾಗಿ ಕುಡಿಸಿದೆ. ನಾನು ತಿರುಗುವಷ್ಟರಲ್ಲಿ ಮುದ್ಲಿಜ್ ಸತ್ತಿರಲಿ ಅಂತ.

ಸತ್ತಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚೀಲದ ಬಾಯಿ ಬಿಚ್ಚದೆ, ಅವನಿಗೆ ಕಾಣುವಂತೆ ಹಿಡಿದುಕೊಂಡೆ. ಯಸಾರನೂ ನೀರು ಕೇಳಿದ್ದ ಎಂದೆ.

“ಕೇಳಿದ್ದ,” ಅಂದ. “ನಾನು ಕೊಡ್ಲಿಲ್ಲ. ನೀವೂ ಕೊಡ್ಬೇಡಿ, ಜುಮಾನಾಳ ತಾಯೀ.”

ಯಜಮಾನನಾಗಿದ್ದಾಗ ಅವನು ನನ್ನನ್ನು ಏಯ್ ಎಂದಲ್ಲದೆ ಕರೆದವನಲ್ಲ. ಆಮೇಲೆ ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದು ಇನ್ನೊಂದು ಮಾತು ಹೇಳಿದ. ಅದು ನನ್ನಲ್ಲೇ ಇರಲಿ. ಕೇಳಿದ ಮೇಲೆ ನನ್ನ ಕೈ ತಾನಾಗಿ ಗಂಟು ಬಿಚ್ಚಿತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದೆ. ಎರಡು ಗುಟುಕು ಒಳಗೆ ಹೋಯಿತು, ಮೂರನೆಯದು ಗಡ್ಡದ ಮೇಲೆ ಹರಿಯಿತು. ಪ್ರಾಣ ಹೋದ ಮೇಲೆ ಅವನ ಕಣ್ಣು ಮುಚ್ಚಿದವಳು ನಾನೇ. ಅತ್ತದ್ದೂ ಹೌದು, ಯಾಕೆಂದು ಕೇಳಬೇಡ. ರಕ್ತದ ಬಟ್ಟೆಯಲ್ಲೇ ಮಣ್ಣು ಮಾಡಿದೆವು. ಸಿನಾನನಿಗೆ ಈ ಸುದ್ದಿ ನೀನೇ ಮೆಲ್ಲಗೆ ಹೇಳು. ಓಡಿಬಂದದ್ದನ್ನೂ ಹೇಳು, ವಾಪಸು ಹೋದದ್ದನ್ನೂ ಹೇಳು.

ಇನ್ನು ಎರಡನೆಯ ಪ್ರಶ್ನೆ. ಬೇಡ ಎಂದು ಬರೆದಿದ್ದ ಆ ತುಂಡನ್ನು ಒಲೆಗೆ ಹಾಕಿದ್ದೇನೆ. ತನ್ನ ತಂದೆಯ ತಪ್ಪನ್ನು ತಾನೇ ಬಂದು ಹೇಳಿದ ಗಂಡು ನಿನಗೆ ಸುಳ್ಳು ಹೇಳಲಾರ. ನಿನ್ನ ರೊಟ್ಟಿ ತಿಂದೂ ಉಳಿದರೆ ಗಟ್ಟಿಗನೂ ಹೌದು. ನನ್ನ ಒಪ್ಪಿಗೆ ಇದೆ. ಸೇನೆ ತಿರುಗಿದ ಕೂಡಲೇ ಬರುತ್ತೇನೆ, ಮದುವೆಯ ಖರ್ಜೂರ ನಾನೇ ಹಂಚಬೇಕು.

ನಿನ್ನ ಅಮ್ಮ,
ಉನೈಝಾ

ಮತ್ತೆ: ಪತ್ರ ಸುತ್ತಿ ದಾರ ಕಟ್ಟಿದ್ದೆ. ಬಿಚ್ಚಿ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಕಲ್ಲು ಮುದ್ಲಿಜ್ ಇಟ್ಟ. ಐದನೆಯದನ್ನು ನನ್ನ ಕೈಗೆ ಕೊಟ್ಟ. ನೀನೇ ಇಡು, ಇಲ್ಲದಿದ್ದರೆ ನಿನ್ನನ್ನೂ ಪಕ್ಕದಲ್ಲಿ ಮಲಗಿಸಿ ಹೊಟ್ಟೆಯ ಮೇಲೆ ಇಡುತ್ತೇನೆ ಎಂದ. ಯಸಾರ್ ನನ್ನ ಹೊಟ್ಟೆ ನೋಡಿದ, ಕಣ್ಣು ಮುಚ್ಚಿದ. ಇಡು ಎಂದು ಮುಚ್ಚಿದನೋ ಬಿಸಿಲಿಗೆ ಮುಚ್ಚಿದನೋ, ಹದಿನೆಂಟು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಇಟ್ಟೆ. ಸಾಯುವಾಗ ಮುದ್ಲಿಜ್ ನನ್ನ ಕಿವಿಯಲ್ಲಿ ಅಂದದ್ದು ಇಷ್ಟು: “ಐದೂ ನಾನೇ ಇಟ್ಟೆ ಅಂತ ಮಗನಿಗೆ ಹೇಳಿದ್ದೀನಿ. ಹಾಗೇ ಇದ್ದುಬಿಡ್ಲಿ.” ಅದು ಹಾಗೇ ಇರಬಾರದು. ಮದುವೆಗೆ ಮೊದಲು ಈ ಹಿಂಬದಿಯನ್ನು ಸಿನಾನನಿಗೆ ಓದಿ ಹೇಳು. ಅವನು ತನ್ನ ತಂದೆಯ ಹೆಸರಿನಲ್ಲಿ ಹೊತ್ತಿರುವ ಕಲ್ಲುಗಳಲ್ಲಿ ಒಂದು ನನ್ನದು. ನೀನು ನನ್ನ ಒಪ್ಪಿಗೆ ಕೇಳಿದ್ದೆ, ಕೊಟ್ಟಾಯಿತು. ಇದನ್ನು ಓದಿದ ಮೇಲೂ ನಾನು ನಮ್ಮ ಮನೆಯ ಆ ಬಾಗಿಲಿಗೆ ಬರಬಹುದೋ ಬೇಡವೋ ಎಂದು ನೀನು ಬರೆ. ಬರುವ ಒಂಟೆಯವರ ದಾರಿ ಕಾಯುತ್ತ ಕೂತಿರುತ್ತೇನೆ.