ಮಂಟಪದ ಗೋಡೆಯ ಮೇಲೆ ನಿನ್ನ ಹೆಸರು

ಜೇವರ್ಗಿ
14-2-1987

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಬಣ್ಣದ ಡಬ್ಬಿಗಳ ನಡುವೆಯೇ ಮಲಗುತ್ತೀಯಂತೆ, ಕಿಟಕಿ ತೆಗಿ ಎಂದು ಜಹೀರುದ್ದೀನ ಭಾಯಿ ಎಷ್ಟು ಹೇಳಿದರೂ ಕೇಳುವುದಿಲ್ಲವಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಅವ್ವನಿಗೆ ಮೊಣಕಾಲು ನೋವು ಇದ್ದೇ ಇದೆ, ಬಾಯಿ ಮಾತ್ರ ಗಟ್ಟಿ.

ಇನ್ನು ಊರಿನ ಸುದ್ದಿ. ನಮ್ಮ ಹಿರಿಯರ ಊರು ನರೋಣಾದವರೊಬ್ಬರು ಸೊಲ್ಲಾಪುರದಲ್ಲಿ ನಿನ್ನನ್ನೂ ಭಾಯಿಯನ್ನೂ ಕಂಡು ಬಂದು, ನೀವು ಗಂಡ-ಹೆಂಡಿರ ಹಾಗೆ ಸಂಸಾರ ಮಾಡುತ್ತೀರಿ ಎಂದು ಇಲ್ಲಿಯ ಚಹಾದಂಗಡಿಯಲ್ಲಿ ಕೂತು ಹೇಳಿದರಂತೆ. ಹೋದ ದೀಪಾವಳಿಗೆ ನೀನೇ ನನಗೆ ಹೇಳಿದ್ದ ಮಾತು ಅದು. ನಿನ್ನ ಬಾಯಲ್ಲಿ ಎಷ್ಟು ಸರಳವಾಗಿತ್ತು, ಅವರ ಬಾಯಲ್ಲಿ ಎಷ್ಟು ಹೊಲಸಾಯಿತು! ಕಲ್ಯಾಣ ಮಂಟಪದ ಕಮಿಟಿಗೆ ನಮ್ಮ ಅಣ್ಣಾರಾಯ ಕಾಕಾನೇ ಅಧ್ಯಕ್ಷ. ನೀನು ಒಂದು ಬೇಸಿಗೆಯೆಲ್ಲ ಕೂತು ಬರೆದ ಅನುಭವ ಮಂಟಪದ ಚಿತ್ರ ಅಲ್ಲಿದೆಯಲ್ಲ, ಅದರ ಮುಂದೆಯೇ ಸಭೆ ಕರೆದರು. ನಾನು ಶಾಲೆಗೆ ರಜೆ ಹಾಕಿ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. “ಚಿತ್ರ ಛಂದ ಅದ, ಇರಲಿ. ಕೆಳಗಿನ ಹೆಸರು ಅಳಸ್ರಿ. ಅಂಥವನ ಹೆಸರು ನಮ್ಮ ಮಂಟಪದಾಗ ಬ್ಯಾಡ,” ಎಂದ ಕಾಕಾ. “ಅಂಥವ ಅಂದ್ರ ಎಂಥವ್ರಿ ಕಾಕಾ?” ಎಂದೆ. 

ನಾನು ಇತಿಹಾಸದ ಟೀಚರ್ ತಾನೆ, ಬಿಡುತ್ತೇನೆಯೇ? ನಸುನಗುವ ಹೆಂಗಸಿನ ಚಿತ್ರ ಬರೆದ ಇಟಲಿಯ ಲಿಯೊನಾರ್ಡೊನ ವಿಷಯ ತೆಗೆದೆ. ಅವನ ಮೇಲೂ ಇಂಥದೇ ದೂರು ಬಂದು ಕೋರ್ಟಿಗೆ ಹೋಗಿತ್ತು, ಕೇಸು ನಿಲ್ಲಲಿಲ್ಲ. ಅವನ ಒಲವು ಗಂಡಸರ ಕಡೆಗೇ ಇತ್ತೆಂದು ಬಲ್ಲವರು ಇಂದಿಗೂ ಬರೆಯುತ್ತಾರೆ. ಆದರೂ ಅವನ ಚಿತ್ರ ನೋಡಲು ಜನ ಸಮುದ್ರ ದಾಟಿ ಹೋಗುತ್ತಾರೆ, ಹೆಸರನ್ನು ಯಾರೂ ಅಳಿಸಿಲ್ಲ ಎಂದೆ. ಕಾಕಾನ ಮುಖ ಬಾಡಿತು. “ಅವರು ದೊಡ್ಡವರವ್ವಾ. ನಮ್ಮ ಮನಿಯಂವ ಹಿಂಗಾದ್ರ ಮಾನ ಉಳೀತದೇನು?” ಎಂದ. “ಅವರೂ ಯಾರದೋ ಮನಿಯವರೇ ಇದ್ರು ಕಾಕಾ,” ಎಂದೆ. ಒಲವಿನಿಂದ ಕಲೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಅಣ್ಣಾ. ಆದರೆ ನಿನ್ನ ಕೈ ಬೇಕು, ನೀನು ಬೇಡ ಎನ್ನುವುದು ಯಾವ ನ್ಯಾಯ? ಎಲ್ಲ ಜಾತಿಯವರನ್ನೂ ಒಂದೇ ಹಾಸಿನ ಮೇಲೆ ಕೂಡಿಸಿ ಬರೆದವನಿಗೆ ಅದೇ ಗೋಡೆಯಲ್ಲಿ ಗೇಣು ಜಾಗವಿಲ್ಲವಂತೆ!

ಹೆಸರಿನ ಮೇಲೆ ಸುಣ್ಣ ಬಳಿದರು. ಮರುದಿನ ಬೆಳಿಗ್ಗೆ ನಾನು ಕೆಂಪು ಆಯಿಲ್ ಪೇಂಟ್ ತಂದು, ‘ಶಾಂತಲಿಂಗಪ್ಪ, ನರೋಣಾ’ ಎಂದು ಮೊದಲಿಗಿಂತ ದಪ್ಪಗೆ ಬರೆದೆ. ನಿನ್ನಷ್ಟು ದುಂಡಗೆ ಬಂದಿಲ್ಲ, ನಗಬೇಡ. ಅವ್ವ ಕುಂಟುತ್ತ ಬಂದು ಡಬ್ಬಿ ಹಿಡಿದು ನಿಂತಳು. “ಮತ್ತ ಅಳಸ್ತೇವಿ,” ಎಂದ, ಸುದ್ದಿ ತಿಳಿದು ಬಂದ ಕಾಕಾ. ಅವ್ವ ತಿರುಗಿಯೂ ನೋಡದೆ, “ಅಳಸ್ರಿ. ಡಬ್ಬ್ಯಾಗ ಇನ್ನೂ ಬಣ್ಣ ಅದ,” ಎಂದಳು. ಈ ಪತ್ರ ಬರೆಯುವವರೆಗೆ ಯಾರೂ ಮುಟ್ಟಿಲ್ಲ.

ಅವ್ವನ ಆಶೀರ್ವಾದ ನಿಮ್ಮಿಬ್ಬರ ಮೇಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಕಸ್ತೂರಿಬಾಯಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಆಳಂದದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನನಗೆ ಅಣ್ಣನೇ ಇಲ್ಲವೆಂದು ಹೇಳಬೇಕಂತೆ. “ಹಂಗಾದ್ರ ಈ ಲಗ್ನ ಬ್ಯಾಡ್ರಿ,” ಎಂದು ನಾನೇ ಹೇಳಿ ಕಳಿಸಿದೆ. ಅಳು ಬಂತು, ಅತ್ತೆ, ಮುಗಿಯಿತು. ನಿನ್ನಿಂದಾಯಿತೆಂದು ನೀನು ಕೊರಗಿದರೆ ನನಗೆ ಸಿಟ್ಟು ಬರುತ್ತದೆ. ಯುಗಾದಿಗೆ ಇಬ್ಬರೂ ಬನ್ನಿ. ಕತ್ತಲಾದ ಮೇಲೆ ಬರಬೇಡಿ, ಮಧ್ಯಾಹ್ನದ ಬಸ್ಸಿಗೆ ಎಲ್ಲರ ಕಣ್ಣೆದುರೇ ಇಳಿಯಿರಿ. ಅವ್ವ ಮತ್ತು ನಾನು ಸ್ಟ್ಯಾಂಡಿಗೇ ಬರುತ್ತೇವೆ.