ಇನ್ನೆರಡು, ಕೊನೆಯದು ಬೇಡ

ಜುಲೈ 5, ಶನಿವಾರ

ಮತ್ತೆ ಒದ್ದೆ ಬೂಟುಗಳು. ಬಾಡಿಗೆಗೆ ಕೊಟ್ಟದ್ದೆಲ್ಲ ಸಂಜೆ ಅಂಗಡಿಗೆ ವಾಪಸ್. ಒಳಗೆ ಕೈ ಹಾಕಿ ನೋಡಿ ಒಣಗಲು ಇಡುವುದು ನನ್ನ ಪಾಲು. ಶಾಲೆಗಳಿಗೆ ಚಳಿಗಾಲದ ರಜ ಶುರುವಾಗಿ ಆಕ್ಲೆಂಡಿನವರೆಲ್ಲ ಹಿಮದಾಟಕ್ಕೆ ನಮ್ಮೂರು ಓಹಾಕುನೆಗೆ ಬಂದು ಬಿದ್ದಿದ್ದಾರೆ. ಒಬ್ಬ ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡು, ಬಿಗಿ ಎಂದು ಜಗಳಕ್ಕೆ ನಿಂತಿದ್ದ.

ನಾಳೆ ನನಗೆ ರಜ. ಮಾಟಿಯುವಿನ ಮಗಳು ಕಾಹು ನನ್ನನ್ನು ಹಿಮದ ಬೆಟ್ಟಕ್ಕೆ ಕರೆದಿದ್ದಾಳೆ — ತಾನಾಗಿಯೇ. ಬೆಳಗ್ಗೆ ಬಾಯಲ್ಲಿ ಟೋಸ್ಟ್ ಇಟ್ಟುಕೊಂಡೇ, "ಆಂಟಿ, ನಾಳೆ ಬರ್ತೀಯಲ್ಲ?" ಅವಳ ಅಪ್ಪನನ್ನು ನಂಬಿ ಈ ಮನೆಗೆ ಬಂದು ಎರಡು ವರ್ಷ. ಇಷ್ಟು ದಿನ ನನಗೆ ಹೆಸರೇ ಇರಲಿಲ್ಲ, ಬರೀ "ಅವರು". ಮಾಟಿಯು ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಕಿವಿ ಕೆಂಪಾಯಿತು. ಮಗಳ ವಿಷಯಕ್ಕೆ ಅವನ ಬಾಯಿಗಿಂತ ಕಿವಿಯೇ ಹೆಚ್ಚು ಮಾತಾಡುತ್ತದೆ.

ನಲವತ್ತೊಂದನೇ ವಯಸ್ಸಿಗೆ, ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವ ಈ ಸ್ನೋಬೋರ್ಡ್ ಯಾಕೆ ಎಂದು ಅಂಗಡಿಯಲ್ಲಿ ಕೇಳುತ್ತಾರೆ. ವ್ಯಾಯಾಮಕ್ಕೆ ಎನ್ನುತ್ತೇನೆ. ಸುಳ್ಳು. ಹದಿನಾಲ್ಕರ ಹುಡುಗಿ ನನ್ನ ಜೊತೆ ಮಾತಾಡುವ ಜಾಗ ಅದೊಂದೇ. ಅಲ್ಲಿ ಅವಳು ಮೇಷ್ಟ್ರು, ನಾನು ದಡ್ಡಿ. ಇಬ್ಬರಿಗೂ ಸುಖ.

ಜುಲೈ 6, ಭಾನುವಾರ, ಸಂಜೆ

ಸೋಫಾ. ಬಲಗಾಲು ದಿಂಬಿನ ಮೇಲೆ, ಮೀನಖಂಡದ ಕೆಳಗೆ ಫ್ರೀಜರಿನ ಬಟಾಣಿ ಪೊಟ್ಟಣ. ತಲೆಯೊಳಗೆ ಕಲಸುಮೇಲೋಗರ. ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲು. ಅಲ್ಲಿ ಮುಂದಿನ ಕಾಲು ಮಾತ್ರ ಬೋರ್ಡಿಗೆ ಕಟ್ಟಿರುತ್ತದೆ, ಹಿಂದಿನದು ಬಿಡಿ. ಆ ಬಿಡಿ ಕಾಲಲ್ಲಿ ನೆಲ ತಳ್ಳುತ್ತ ಮುಂದೆ ಸರಿಯಬೇಕು. ಸುಸ್ತಾಗಿತ್ತು. "ಇದೇ ಕೊನೇದಪ್ಪ" ಎಂದೆ. ಹಿಂದೆ ನಿಂತಿದ್ದ ಕಾಹು ಗಾಬರಿಯಾದಳು. ಹಾಗೆ ಬಾಯಿಬಿಟ್ಟರೆ ಬೆಟ್ಟ ಅದನ್ನು ನಿಜ ಮಾಡಿಬಿಡುತ್ತದಂತೆ. ಇಲ್ಲಿ ಯಾರೂ ಹಾಗನ್ನುವುದಿಲ್ಲ. "ಇನ್ನೆರಡು, ಕೊನೇದು ಬೇಡ" ಎನ್ನಬೇಕು, ಒಂದು ಸಲ ಇಳಿದು ಸುಮ್ಮನೆ ಮನೆಗೆ ಹೋಗಬೇಕು. ಎರಡನೆಯದು ಯಾವತ್ತೂ ಬಾಕಿ. ನನಗೆ ಗೊತ್ತಿತ್ತು, ಮರೆತಿದ್ದೆ. "ಅಂದ್ಬಿಟ್ಟೆಯಲ್ಲ ಆಂಟಿ, ಈಗ ನೋಡು ಏನಾಗತ್ತೆ" ಎಂದು ನಕ್ಕಳು.

ಕಾಲು ಊರಿ ತಳ್ಳಿದೆ. ಹಿಂದಿನಿಂದ ಮೀನಖಂಡಕ್ಕೆ ಬಲವಾಗಿ ಬಡಿಯಿತು. ಟಪ್ — ಕಿವಿಗೂ ಕೇಳಿಸಿತು. ಬಿದ್ದೆ. ತಿರುಗಿದರೆ ಕಾಹು. ಅವಳ ಬೋರ್ಡಿನ ಮೂತಿ ನನ್ನ ಹಿಮ್ಮಡಿಯ ಪಕ್ಕ, ಮುಖದ ಮೇಲೆ ಆ ನಗು ಇನ್ನೂ ಇತ್ತು.

ಏನೋ ಕೂಗಿದೆ. ಸಾಲಿನವರೆಲ್ಲ ನೋಡಿದರು. ಅವಳು ಅಂದದ್ದು ಒಂದೇ: "ನಾನು ಮುಟ್ಟೇ ಇಲ್ಲ."

ಬೆಟ್ಟದ ಗಸ್ತಿನವರು ಹಿಮದಲ್ಲಿ ಎಳೆಯುವ ಸ್ಲೆಡ್ಜಿನಲ್ಲಿ ಕೆಳಗೆ ತಂದರು. ಮಾಟಿಯು ಬೆಟ್ಟದ ರಸ್ತೆಯ ಹಿಮ ತೆಗೆಯುವ ಗಾಡಿ ಬಿಟ್ಟು ಓಡಿ ಬಂದ. ಮಗಳನ್ನು ಕೇಳಿದ, ಮುಟ್ಟಿಲ್ಲ ಎಂದಳು. ನನ್ನನ್ನು ಕೇಳಿದ. ಪೆಟ್ಟು ಬಿದ್ದದ್ದು ನನಗೆ, ನನಗೆ ಗೊತ್ತಾಗಲ್ವಾ ಎಂದೆ. ತಪ್ಪಿ ತಗುಲಿದ್ದರೆ ಸಾರಿ ಅನ್ನು, ಮುಗಿಯಿತು ಎಂದ. ಅವಳು ಅನ್ನಲಿಲ್ಲ. ಈಗ ಅವಳ ಬೋರ್ಡ್ ಶೆಡ್ಡಿನಲ್ಲಿದೆ, ಬೀಗ ಹಾಕಿದೆ, ಕೀಲಿ ಅವನ ಜೇಬಿನಲ್ಲಿ.

ತಪ್ಪಿ ತಗುಲಿದ್ದಾ, ಬೇಕೆಂದೇ ತಗುಲಿಸಿದ್ದಾ?

ಜುಲೈ 8, ಮಂಗಳವಾರ

ಹತ್ತು ಜನ, ಹತ್ತು ಮಾತು. ಐಸ್ ಇಡು. ಐಸ್ ಇಡಬೇಡ, ಶಾಖ ಕೊಡು. ಅಲ್ಲಾಡಬೇಡ. ನಡೆದಾಡು, ಇಲ್ಲದಿದ್ದರೆ ಮರಗಟ್ಟುತ್ತೆ. ಪಕ್ಕದ ಮನೆ ಮುದುಕ ಕುದುರೆಗೆ ಹಚ್ಚುವ ಎಣ್ಣೆ ತಂದುಕೊಟ್ಟ, ವಾಸನೆಗೆ ಬೆಕ್ಕು ಮನೆ ಬಿಟ್ಟಿತು. ಡಾಕ್ಟರು ಕಾಲು ಊದಿದ್ದು ನೋಡಿ, ಒಳಗೆ ರಕ್ತ ಹೆಪ್ಪುಗಟ್ಟಿದೆಯೋ ಏನೋ ಎಂದು ವಾಂಗನುಯಿ ಪಟ್ಟಣಕ್ಕೆ ಸ್ಕ್ಯಾನಿಗೆ ಕಳಿಸಿದರು. ಹೆಪ್ಪಿಲ್ಲ. ಸ್ನಾಯು ಹರಿದಿದೆ. ಊರುಗೋಲು ಕೊಟ್ಟರು.

ಕಾಹು ಅದೇ ಕಾರಿನಲ್ಲಿ ಬಂದಳು. ಅಲ್ಲೇ ಅಜ್ಜಿಯ ಮನೆ, ಮಾಟಿಯುವಿನ ಅಮ್ಮ ಪಾರೆ. ರಜ ಮುಗಿಯುವವರೆಗೂ ಅಲ್ಲಿರುತ್ತಾಳಂತೆ. ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ದಾರಿಯುದ್ದಕ್ಕೂ ಅವಳ ಜಡೆ ನೋಡಿದೆ. ಇಳಿಯುವಾಗ ಅಪ್ಪನಿಗೆ ಹೇಳಿದಳು, "ಅವರಿಗೆ ಹುಷಾರಾಗಿರೋಕೆ ಹೇಳು."

ಅವರು. ಆಂಟಿ ಹೋಗಿ ಮತ್ತೆ ಅದೇ.

ಜುಲೈ 11, ಶುಕ್ರವಾರ

ಮನೆಯಲ್ಲಿ ಕೂರಲಾರದೆ ಕುಂಟುತ್ತ ಅಂಗಡಿಗೆ ಹೋದೆ. ನನ್ನ ಬೂಟು ರ‍್ಯಾಕಿನ ಮೇಲಿತ್ತು. ಯಾರೋ ಒಣಗಿಸಿಟ್ಟಿದ್ದರು.

ಸುಮ್ಮನೆ ಕೈಗೆತ್ತಿಕೊಂಡೆ. ಬೂಟು ಮೀನಖಂಡದ ಅರ್ಧದವರೆಗೆ ಬರುತ್ತದೆ. ದಪ್ಪ, ಗಟ್ಟಿ. ಎಲ್ಲೂ ಗೀರಿಲ್ಲ. ಬೋರ್ಡು ನೆಲದ ಮೇಲೆ ಜಾರುವ ವಸ್ತು. ನೆಲದಲ್ಲಿರುವುದು ಬಡಿದರೆ ಹಿಮ್ಮಡಿಗೆ ಬಡಿಯಬೇಕು. ಮೀನಖಂಡಕ್ಕೆ ಹೇಗೆ?

ದಿನಕ್ಕೆ ನೂರು ಜನರ ಕಾಲಿಗೆ ಇದನ್ನೇ ತೊಡಿಸುವವಳು ನಾನು. ಇದು ಹೊಳೆಯಲು ಇಷ್ಟು ದಿನ ಬೇಕಾಯಿತೆ.

ಆದರೆ ಪೆಟ್ಟು ಬಿದ್ದದ್ದು ನಿಜ. ಕಾಲಿನಿಂದ ಒದ್ದಳೇನೋ? ಒಂದು ಕಾಲು ಬೋರ್ಡಿಗೆ ಕಟ್ಟಿದೆ, ಇನ್ನೊಂದರಿಂದ ಒದ್ದರೆ ತಾನೇ ಬೀಳುತ್ತಾಳೆ. ಬೇರೆ ಯಾರಾದರೂ? ಅವಳ ಹಿಂದಿದ್ದವರು ದೂರದಲ್ಲಿದ್ದರು. ಕಾಲು ಕಪ್ಪುಗಟ್ಟಿದೆ — ಆದರೆ ಹಿಮ್ಮಡಿಯ ಸುತ್ತ. ಪೆಟ್ಟು ಬಿದ್ದ ಜಾಗದಲ್ಲಿ ಏನೂ ಇಲ್ಲ.

ಏನೂ ತಿಳಿಯುತ್ತಿಲ್ಲ. ಮಾಟಿಯುಗೆ ಹೇಳಲಿಲ್ಲ.

ಜುಲೈ 15, ಮಂಗಳವಾರ

ಫಿಸಿಯೋ. ಗ್ಲೆನಿಸ್ ಎಂದು ಹೆಸರು, ಮಾತು ಜಾಸ್ತಿ, ಕೈ ತಣ್ಣಗೆ. ಕಾಲು ಮುಟ್ಟುವ ಮೊದಲೇ ಕೇಳಿದಳು, "ಯಾರೋ ಹಿಂದಿನಿಂದ ಒದ್ದ ಹಾಗಾಯ್ತಾ?"

ಒದ್ದ ಹಾಗಲ್ಲ, ಒದ್ದರು ಎಂದೆ.

"ಎಲ್ರೂ ಅದನ್ನೇ ಹೇಳ್ತಾರೆ. ಟೆನಿಸ್ ಆಡೋರು ತಿರುಗಿ ಚೆಂಡು ಹುಡುಕ್ತಾರೆ. ಒಬ್ರು ಕ್ಯಾರೆಟ್ ಹೊಲದ ಮಧ್ಯ ಒಬ್ರೇ ನಿಂತ್ಕೊಂಡು, ಇಲ್ಲದ ನಾಯಿಗೆ ಬೈದಿದ್ರು. ಈ ಸ್ನಾಯು ಹರಿಯೋದೇ ಹಾಗೆ. ಪೆಟ್ಟು ಒಳಗಿಂದ ಬರತ್ತೆ, ಹೊರಗಿಂದ ಬಂತು ಅನ್ಸತ್ತೆ. ಒಳಗಿನ ರಕ್ತ ಇಳಿದು ಹಿಮ್ಮಡಿ ಕಪ್ಪಾಗತ್ತೆ. ತಿರುಗಿ ನೋಡಿದ್ರೆ ಯಾರೂ ಇರಲ್ಲ."

"ಇದ್ದಳು" ಎಂದೆ.

ಗ್ಲೆನಿಸ್‌ಗೆ ಅರ್ಥವಾಗಲಿಲ್ಲ. ಈ ಚಳಿಗಾಲ ಬೋರ್ಡಿನ ಆಸೆ ಬಿಡಬೇಕು ಎಂದಳು. ಅಳು ಬಂತು. ಬೋರ್ಡಿಗಾಗಿ ಎಂದುಕೊಂಡು ಟಿಶ್ಯೂ ಕೊಟ್ಟಳು, ತೆಗೆದುಕೊಂಡೆ.

ಜುಲೈ 16, ಬುಧವಾರ

ಹೇಳಿದೆ. ಮಾಟಿಯು ತಟ್ಟೆ ಪಕ್ಕಕ್ಕೆ ಸರಿಸಿದ. ಕುರಿಮಾಂಸ ತಣ್ಣಗಾಯಿತು. ಆಮೇಲೆ ಅವನೂ ಒಂದು ವಿಷಯ ಹೇಳಿದ. ಕಾಹು ಸೋಮವಾರದಿಂದ ವಾಂಗನುಯಿಯ ಶಾಲೆಗೇ ಸೇರುತ್ತೇನೆ ಎನ್ನುತ್ತಿದ್ದಾಳೆ. ತನ್ನ ಹೆತ್ತಮ್ಮ ಬ್ರಿಸ್ಬೇನ್ ಸೇರಿದಾಗಲೂ ಈ ಮನೆ ಬಿಡಲ್ಲ ಎಂದು ಹಟ ಹಿಡಿದವಳು. ನನಗೆ ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಿದ್ದನಂತೆ.

ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಿರುವುದರಲ್ಲಿ ಗಟ್ಟಿಗರು.

ಕಾಹುಗೆ ಫೋನ್ ಮಾಡಿದೆ. ತೆಗೆದದ್ದು ಅಜ್ಜಿ. ಇನ್ನೂ ಪೀಠಿಕೆಯಲ್ಲಿದ್ದೆ, ತಡೆದರು. "ಬೈದಿದ್ದು ಹತ್ತು ಜನರ ಎದುರಿಗೆ. ತಪ್ಪಾಯ್ತು ಅನ್ನೋದು ಫೋನಲ್ಲಾ? ನಮ್ಮಲ್ಲಿ ಅದು ಮುಖಕ್ಕೆ ಮುಖ ಇಟ್ಟು ಆಗ್ಬೇಕು ಕಣಮ್ಮ. ಬಾ. ಊಟಕ್ಕೆ ಬಾ."

ಜುಲೈ 18, ಶುಕ್ರವಾರ

ಹೋಗಿದ್ದೆ. ಮಾಟಿಯು ಅರ್ಧ ದಿನ ರಜ ಹಾಕಿ ಕರೆದೊಯ್ದ. ಕಾಹುವಿನ ಒಬ್ಬ ಚಿಕ್ಕಪ್ಪ, ಇಬ್ಬರು ಅತ್ತೆಯರು, ಅವರ ಮಕ್ಕಳು — ಮನೆ ತುಂಬ ಜನ. ಅಜ್ಜಿ ಬೇಕೆಂದೇ ಕರೆಸಿದ್ದಾರೆ. ಮೊದಲು ಅಜ್ಜಿ ಪ್ರಾರ್ಥನೆ ಮಾಡಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಊರುಗೋಲಿನ ಮೇಲೆ ಎದ್ದು ನಿಂತೆ. ಕೂತ್ಕೋ ಎಂದು ಯಾರೂ ಅನ್ನಲಿಲ್ಲ.

ಹೇಳಿದೆ. ಸ್ನಾಯು ಒಳಗಿನಿಂದ ಹರಿಯಿತು, ಕಾಹು ಮುಟ್ಟಿರಲಿಲ್ಲ, ನಾನು ಅವಳ ಮೇಲೆ ಸುಳ್ಳು ಹೊರಿಸಿದೆ. ಚಿಕ್ಕಪ್ಪ ತಲೆಯಾಡಿಸಿದ. ಮುಗಿಯಿತು ಎಂದುಕೊಂಡೆ.

ಕಾಹು ಕರಿದ ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ನಂಗೆ ಬೇಜಾರು ನಾನು ಒದ್ದೆ ಅಂದಿದ್ದಕ್ಕಲ್ಲ. ಆಮೇಲೆ ಏನಂದ್ರಿ, ನೆನಪಿದ್ಯಾ ನಿಮಗೆ?"

ಇಲ್ಲ ಎಂದೆ. ನಿಜವಾಗಿಯೂ ನೆನಪಿರಲಿಲ್ಲ.

"ಒಂದಲ್ಲ ಒಂದಿನ ನೀನು ಹೀಗ್ ಮಾಡ್ತೀಯ ಅಂತ ನಂಗೊತ್ತಿತ್ತು. ಹಾಗಂದ್ರಿ."

ಅಂದಿರಲಾರೆ ಎಂದು ಬಾಯಿಗೆ ಬಂದದ್ದು ನಿಂತುಹೋಯಿತು. ಅಂದಿದ್ದೇನೆ. ಅವಳು ಹೇಳಿದ ಕೂಡಲೇ ನನ್ನ ದನಿಯಲ್ಲೇ ಅದು ಕೇಳಿಸಿತು. ಎರಡು ವರ್ಷ ಕಾದಿದ್ದೆನೇನೋ ಒಂದು ಒದೆತಕ್ಕೆ. ಅವಳು ಕೊಡಲಿಲ್ಲ. ಕೊನೆಗೆ ನನ್ನ ಕಾಲೇ ಕೊಟ್ಟಿತು.

ಹೌದು, ಹಾಗಂದಿದ್ದೆ ಎಂದು ಒಪ್ಪಿಕೊಂಡೆ. ನಿನ್ನನ್ನು ಕಂಡರೆ ನನಗೆ ಹೆದರಿಕೆ ಇತ್ತು ಎಂದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಬ್ರೆಡ್ ಹಾಕಿದರು. ಅದು ಕ್ಷಮೆಯೋ, ಬರೀ ಬ್ರೆಡ್ಡೋ ಗೊತ್ತಾಗಲಿಲ್ಲ. ತಿಂದೆ.

ಜುಲೈ 20, ಭಾನುವಾರ, ಮಧ್ಯಾಹ್ನ

ಕಾಹು ಬಂದಿದ್ದಾಳೆ. ಬಟ್ಟೆ ತೆಗೆದುಕೊಂಡು ಹೋಗಲು. ನಾಳೆಯಿಂದ ಅಲ್ಲಿಯ ಶಾಲೆ. ಮಾಟಿಯು ಕಾರು ಬಾಗಿಲ ಮುಂದೆ ನಿಲ್ಲಿಸಿ ಸ್ಟೇರಿಂಗ್ ಹಿಡಿದೇ ಕೂತಿದ್ದಾನೆ, ಒಳಗೆ ಬಂದರೆ ಅಳುತ್ತಾನೆ. ಶೆಡ್ಡಿನ ಕೀಲಿ ಕೊಟ್ಟ. ಬೋರ್ಡ್ ಹೊರಗೆ ಬಂತು, ಗೋಡೆಗೆ ಒರಗಿದೆ.

ಅಡಿಗೆಮನೆ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ, ಕೈಗೆ ಕೆಲಸ ಬೇಕು. ಅವಳು ಓಡಾಡುತ್ತಿದ್ದಾಳೆ. ಬ್ಯಾಗು. ಪುಸ್ತಕದ ಡಬ್ಬ. ದಿಂಬು. ನನ್ನ ಕಡೆ ನೋಡುವುದಿಲ್ಲ, ನೋಡದೇ ಇರುವುದೂ ಇಲ್ಲ.

ಈಗ ಇನ್ನೊಂದು ಬ್ಯಾಗು ಹೊತ್ತು ಬಂದಳು. ಏನಾದರೂ ಮಾತಾಡಬೇಕಿತ್ತು. "ಇದೇ ಕೊನೇದಾ?" ಎಂದೆ.

ನಿಂತಳು. ಬಾಯಿಂದ ಹೊರಬಿದ್ದ ಮೇಲೆ ನನಗೂ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡೆ.

"ಹಾಗನ್ಬಾರ್ದು ಅಂತ ನಿಂಗೆ ಎಷ್ಟು ಸಲ ಹೇಳೋದು?" ಎಂದಳು. ಹೊಸ್ತಿಲ ಮೇಲೆ ಬ್ಯಾಗ್ ಇಟ್ಟಳು. "ಇನ್ನೆರಡಿದೆ."

ಮತ್ತೆ ಕೋಣೆಗೆ ಹೋದಳು. ನಾನು ಬೆಳಗ್ಗೆ ಆ ಕೋಣೆ ನೋಡಿದ್ದೇನೆ. ಇದ್ದದ್ದೆಲ್ಲ ಹೊರಗೆ ಬಂತು, ಈಗ ಮಂಚ ಬಿಟ್ಟರೆ ಅಲ್ಲಿ ಏನೂ ಇಲ್ಲ. ಎರಡು ಏನಿದೆ?

ಮಾಟಿಯು ಹಾರ್ನ್ ಹೊಡೆದ. ಅವಳು ಹೊರಗೆ ಬರಲಿಲ್ಲ. ಎದ್ದು ಹೋಗಲೇ, ಹೋಗಬಾರದೇ… ಊರುಗೋಲು ಎಲ್ಲಿಟ್ಟೆ. ಮತ್ತೆ ಹಾರ್ನ್. ಮಂಚ ಕಿರ್ ಎಂದಿತು, ಕೂತಳು ಅಂತ ಕಾಣುತ್ತದೆ. ಕರೆಯುತ್ತಿದ್ದಾಳೆ. ಅಪ್ಪನನ್ನಲ್ಲ, ನನ್ನನ್ನು. ಆಂ—